ಮುಕುಂದರಾಯರು ಕಾದ ಎರಡು ದೀಪ

ಕಲಬುರಗಿಯ ಬ್ರಹ್ಮಪುರದ ಮುಕುಂದರಾಯರು ತಮ್ಮ ನಲವತ್ತನಾಲ್ಕು ವರ್ಷದ ಬಾಳಿನಲ್ಲಿ ಯಾವುದನ್ನೂ ಕೊನೆ ಮುಟ್ಟಿಸಿದವರಲ್ಲ. ಇದು ನಿಂದೆಯಲ್ಲ, ಇತಿಹಾಸ. ಟೈಪಿಂಗ್ ಕ್ಲಾಸಿಗೆ ಸೇರಿ, ಎಡಗೈ ಕಲಿತು, ಬಲಗೈ ಕಲಿಯುವ ಮೊದಲೇ ಬಿಟ್ಟರು. ಅವರ ಸಂಧ್ಯಾವಂದನೆ ಅರ್ಧಕ್ಕೆ ಬರುವಷ್ಟರಲ್ಲಿ ಆಫೀಸಿನ ಹೊತ್ತಾಗುತ್ತಿತ್ತು. ಸ್ಕೂಟರ್ ಕಲಿಯಲು ಹೋದಾಗ ಹೊರಡಿಸುವುದು ಬಂತು, ನಿಲ್ಲಿಸುವುದು ಬಾಕಿ ಉಳಿಯಿತು. ಆ ಸ್ಕೂಟರು ನೆಹರು ಗಂಜಿನ ಪೇಟೆಯ ತೊಗರಿ ಮೂಟೆಗಳಿಗೆ ತಾಗಿ ತಾನಾಗಿ ನಿಂತ ದಿನದಿಂದ ರಾಯರು ಸೈಕಲ್ಲನ್ನು ಕೂಡ ತಳ್ಳಿಕೊಂಡೇ ಓಡಾಡುತ್ತಿದ್ದರು.

ಇಂಥವರ ಕೈಗೆ, ತೊಂಬತ್ತೇಳನೇ ಇಸವಿಯ ನವರಾತ್ರಿಯ ಎರಡನೇ ದಿನ, ಹೆಂಡತಿ ಅನಸೂಯಾಬಾಯಿ ದೇವರಮನೆಯ ಅಖಂಡ ದೀಪವನ್ನು ಒಪ್ಪಿಸಿ ಕಮಲಾಪುರದ ಬಸ್ಸು ಹತ್ತಬೇಕಾಗಿ ಬಂತು. ಹಿಂದಿನ ದಿನ ಕಮಲಾಪುರದಲ್ಲಿ ಅವರ ತಾಯಿ ಮಥುರಾಬಾಯಿ ದೇವರಮನೆಯಲ್ಲೇ ಕಾಲು ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಅಲ್ಲಿಯ ನವರಾತ್ರಿ ದೀಪವೂ ಆರಿತ್ತು. ಸುದ್ದಿ ಬಂದದ್ದು ಎದುರುಮನೆಯ ಬಂಡೆಮ್ಮನ ಫೋನಿಗೆ. ಗಲ್ಲಿಯಲ್ಲಿ ಫೋನಿದ್ದ ಮನೆ ಅದೊಂದೇ. ಆದ್ದರಿಂದ ರಾಯರಿಗೆ ಅತ್ತೆ ಬಿದ್ದ ಸುದ್ದಿ ತಿಳಿದದ್ದು ಗಲ್ಲಿಗೆಲ್ಲ ತಿಳಿದ ಮೇಲೆ.

“ಏನ್ರಿ, ಇಲ್ಲಿ ನೋಡ್ರಿ,” ಎಂದರು ಅನಸೂಯಾಬಾಯಿ ಚೀಲ ಹೆಗಲಿಗೆ ಹಾಕಿಕೊಂಡು. “ದಸಮಿ ತನಕ ದೀಪ ಆರಬಾರದು. ಮನಿ ಕೀಲಿ ಹಾಕಬಾರದು. ಅಲ್ಲಿ ಅವ್ವಂದು ಆರ್ಯದ. ಇನ್ನ ಇಲ್ಲೀದೂ ಆರಿತಂದ್ರ ಎರಡು ಮನಿಗೆ ಕೂಡಿ ಒಂದು ದೀಪ ಉಳಿಯಂಗಿಲ್ಲ.”

“ನಾ ಇದ್ದೀನಲ್ಲ?”

“ಅದಕ್ಕ ಹೇಳಲಿಕತ್ತೀನಿ.”

ಬಂಡೆಮ್ಮನನ್ನು ಒಂದು ತಾಸು ದೀಪದ ಮುಂದೆ ಕೂಡಿಸಿ ರಾಯರು ರಜೆಯ ಅರ್ಜಿ ಕೊಡಲು ಆಫೀಸಿಗೆ ಓಡಿದರು. ಕಾರಣ ಎಂಬಲ್ಲಿ ಇದ್ದದ್ದನ್ನೇ ಬರೆದರು: ಮನೆಯಲ್ಲಿ ಅಖಂಡ ದೀಪ ಕಾಯುವ ಸಲುವಾಗಿ. ಹೆಡ್ ಕ್ಲರ್ಕ್ ದೇವೀಂದ್ರಪ್ಪನವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಇಪ್ಪತ್ತಾರು ವರ್ಷ ಸರ್ವಿಸ್ ಮಾಡೀನಿ ರಾಯರ. ಎಲ್ಲಾರೂ ಹೊಟ್ಟಿಬ್ಯಾನಿ, ಜ್ವರ, ಅತ್ತಿ ಸತ್ತಾಳ ಅಂತ ಬರೀತಾರ. ಇಲ್ಲಿ ಒಬ್ಬಾಂವನ ಅತ್ತಿ ಮೂರು ಸಲ ಸತ್ತಾಳ. ದೀಪ ಕಾಯ್ತೀನಿ ಅಂತ ಬರೆದವರು ನೀವೊಬ್ಬರ.” ಇಷ್ಟಕ್ಕೇ ಬಿಡದೆ ಅರ್ಜಿಯನ್ನು ಇಡೀ ಸೆಕ್ಷನ್ನಿಗೆ ಕೇಳುವ ಹಾಗೆ ಓದಿದರು. ಇಬ್ಬರು ಎದ್ದು ನಿಂತರು. ಮೂರು ಸಲ ಅತ್ತೆಯನ್ನು ಕಳೆದುಕೊಂಡವನು ತಲೆ ತಗ್ಗಿಸಿದ. ರಾಯರಿಗೆ ಇಂಥ ಮರ್ಯಾದೆ ಬಾಳಿನಲ್ಲಿ ಮೊದಲ ಸಲ ಸಿಕ್ಕಿತ್ತು. ಅದು ಹೊಸ ಅಂಗಿಯಂತೆ ಕೊರಳಲ್ಲಿ ಒತ್ತತೊಡಗಿತು.

ಒತ್ತಲು ಕಾರಣವಿತ್ತು. ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ರೋಜಾ ಮೊಹಲ್ಲಾ ಬರುವುದಿಲ್ಲ. ಆದರೂ ರಾಯರು ರೋಜಾಕ್ಕೆ ಹೋದರು. ದರ್ಗಾದ ಹಾದಿಯಲ್ಲಿ, ಅತ್ತರಿನ ಅಂಗಡಿಯ ಮಗ್ಗುಲಿಗೆ, ಕರೀಂಸಾಬರ ವಿಡಿಯೋ ಗೇಮಿನ ಅಂಗಡಿ. ಪ್ರತಿ ಶುಕ್ರವಾರ ಸಂಜೆ ರಾಯರು ಮನೆಯಲ್ಲಿ ‘ಆಡಿಟ್’ ಎಂದು ಹೇಳಿ ಇಲ್ಲಿ ಕೂತು ಮೋಟಾರ್ ಸೈಕಲ್ ರೇಸು ಆಡುತ್ತಿದ್ದರು. ಟೀವಿಯಲ್ಲಿ ಕೆಂಪು ಅಂಗಿಯ ಸವಾರನೊಬ್ಬ ಕೆಸರಲ್ಲಿ ಜಾರಿ, ಮಣ್ಣಿನ ದಿಬ್ಬ ಹಾರಿ, ಗಾಳಿಯಲ್ಲಿ ಗಾಡಿ ತಿರುವಿ ಇಳಿಯುತ್ತಿದ್ದ. ಸೈಕಲ್ ತಳ್ಳುವ ಮುಕುಂದರಾಯರೇ ಆ ಸವಾರ. ಒಟ್ಟು ಇಪ್ಪತ್ತೊಂದು ರೇಸು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಯಾವಾಗಲೂ ಅವರ ತಾಸು ಮುಗಿಯುತ್ತಿತ್ತು. ಈಗ ಎಂಟು ದಿನ ಮನೆ ಬಿಡುವಂತಿಲ್ಲ, ಮನೆಯಲ್ಲಿ ಯಾರೂ ಇಲ್ಲ, ಮನೆಯಲ್ಲಿ ಟೀವಿ ಇದೆ. ಬಾಳಿನಲ್ಲಿ ಒಂದನ್ನಾದರೂ ಮುಗಿಸಲು ದೇವಿಯೇ ಅವಕಾಶ ಕೊಟ್ಟಳೆಂದು ರಾಯರು ನಂಬಿದರು.

ಕರೀಂಸಾಬರು ಒಂದು ಹಳೆಯ ಆಟದ ಡಬ್ಬಿಯನ್ನು ಬಟ್ಟೆಯಿಂದ ಒರೆಸಿ ಬಾಡಿಗೆಗೆ ಕೊಟ್ಟರು. “ದೇಖೋ ರಾವ್‌ಸಾಬ್, ಇದಕ್ಕ ಯಾದ್ ಇಟ್ಕೊಳ್ಳಾಕ ಬರಂಗಿಲ್ಲ. ಸೋತ್ರಿ, ಮತ್ತ ಒಂದನೇ ರೇಸು. ಸ್ವಿಚ್ ಬಂದ್ ಆತು, ಮತ್ತ ಒಂದನೇ ರೇಸು. ಇಪ್ಪತ್ತೊಂದು ಗೆದ್ದ ಮ್ಯಾಲ ಏನ್ ಬರ್ತದ, ಅಲ್ಲಾಕ್ಕ ಗೊತ್ತು. ಇಲ್ಲೀತನಕ ಯಾರೂ ನೋಡಿಲ್ಲ.”

“ಮತ್ತ ಊಟ, ಸ್ನಾನ?”

“ಸ್ಟಾರ್ಟ್ ಗುಂಡಿ ಒಮ್ಮಿ ಒತ್ರಿ, ಗಾಡಿ ಇದ್ದಲ್ಲೇ ನಿಲ್ತದ. ಇನ್ನೊಮ್ಮಿ ಒತ್ರಿ, ಹೊಂಡ್ತದ. ಟೀವಿ ಬೇಕಾದ್ರ ಬಂದ್ ಮಾಡ್ರಿ. ಲೇಕಿನ್ ಡಬ್ಬಿ ಮ್ಯಾಲಿಂದು ಈ ಲಾಲ್ ಬತ್ತಿ ಅದ ನೋಡ್ರಿ, ಇದು ಆರಬಾರದು.”

ಒಂದೇ ಬೆಳಿಗ್ಗೆ ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಮಾತು ಹೇಳಿದ್ದಕ್ಕೆ ರಾಯರು ಚಾಚಿದ ಕೈಯನ್ನು ಒಮ್ಮೆ ಹಿಂದಕ್ಕೆಳೆದುಕೊಂಡರು. ಆದರೂ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡರು.

ಮೂರನೇ ದಿನ ಹನ್ನೊಂದು ಗಂಟೆಗೆ ಒಂಬತ್ತನೇ ರೇಸು ನಡೆದಾಗ ಕರೆಂಟು ಹೋಯಿತು. ರಾಯರು ಕಾಲು ಸುಟ್ಟವರ ಹಾಗೆ ಹೊಸ್ತಿಲಿಗೆ ಓಡಿಬಂದರು. ಗಲ್ಲಿಯ ತುದಿಯ ಕಂಬದ ಮೇಲೆ ಲೈನ್‌ಮನ್ ಖಂಡೆಪ್ಪ ಕೂತಿದ್ದ.

“ಖಂಡೆಪ್ಪಾ! ದಸಮಿ ತನಕ ನಮ್ಮ ಮನಿ ಕರೆಂಟ್ ಹೋಗಬಾರದು ನೋಡಪ!”

“ರಾಯರ, ಮಂತ್ರಿ ಬಂದ್ರ ಸುದ್ದಾ ನಾವು ಎಂಟು ತಾಸಿನ ಮ್ಯಾಲ ಗ್ಯಾರಂಟಿ ಕೊಡಂಗಿಲ್ರಿ. ಏನ್, ಮನ್ಯಾಗ ಮದುವಿ ಅದೇನು?”

“ದೀಪ ಅದ. ಆರಬಾರದು.”

“ಎಣ್ಣಿ ದೀಪಕ್ಕ ಕರೆಂಟ್ ಯಾಕ ಬೇಕ್ರಿ?”

ಇಲ್ಲಿ ರಾಯರು ನಿಜ ಹೇಳಬಹುದಿತ್ತು. ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು. ಅವರು ಹೇಳಿದ್ದು ಬೇರೆ. “ಅದರ ಜೋಡಿ ಇನ್ನೊಂದು ಅದ. ಸಣ್ಣದು, ಕೆಂಪಂದು.”

ಖಂಡೆಪ್ಪ ಕಂಬದಿಂದ ಸರಕ್ಕನೆ ಇಳಿದು ಬಂದು ಪಿಸುದನಿಯಲ್ಲಿ ಕೇಳಿದ: “ತಾಯೀದೇನ್ರಿ?”

ರಾಯರು ಹೌದೆನ್ನಲಿಲ್ಲ. ಹೆದರಿ ಉಗುಳು ನುಂಗಿದರು, ಅಷ್ಟೆ. ನುಂಗುವಾಗ ತಲೆ ತುಸು ಕೆಳಗೆ ಹೋಗಿ ಮೇಲೆ ಬಂತು. ಖಂಡೆಪ್ಪನಿಗೆ ಅಷ್ಟು ಸಾಕಾಯಿತು. ಅವನು ತನ್ನ ಭಾವನ ಕೆಟ್ಟು ನಿಂತ ಟ್ರ್ಯಾಕ್ಟರಿನಿಂದ ಬ್ಯಾಟರಿ ಬಿಚ್ಚಿಸಿ ತಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು, ಡಬ್ಬಿಗೆ ವೈರು ಜೋಡಿಸಿದ. “ಇನ್ನ ಹತ್ತು ದಿವಸ ಕಾಳಜಿ ಮಾಡಬ್ಯಾಡ್ರಿ. ಊರಿಗೆ ಊರೇ ಕತ್ತಲಾದ್ರೂ ತಾಯಿ ದೀಪ ಹತ್ತೇ ಇರ್ತದ.” ಡಬ್ಬಿ ಯಾವುದು, ಏನು ಎಂದು ಅವನು ಕೇಳಲಿಲ್ಲ. ಮಡಿಯ ಮನೆಯಲ್ಲಿ ಹೆಚ್ಚು ಕೇಳಬಾರದೆಂಬ ಸಂಕೋಚ ಅವನಿಗೆ.

ಅಂದಿನಿಂದ ರಾಯರಿಗೆ ಎರಡು ದೀಪ. ಒಂದು ದೇವರಮನೆಯಲ್ಲಿ, ಒಂದು ಪಡಸಾಲೆಯಲ್ಲಿ. ಎರಡೂ ಆರಬಾರದು. ಸ್ನಾನಕ್ಕೆ ಕೂತರೆ ಸೋಪು ಮೈಯಲ್ಲಿರುವಾಗಲೇ ಎದ್ದು ಬಂದು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಇಣುಕುವರು. ಒಂದಕ್ಕೆ ಎಣ್ಣೆ ಹಾಕಿದೆನೋ ಇಲ್ಲವೋ, ಇನ್ನೊಂದರ ವೈರು ಸಡಿಲವಾಯಿತೋ ಏನೋ ಎಂಬ ಧಾವಂತದಲ್ಲಿ ಊಟ ರುಚಿಸಲಿಲ್ಲ. ಇಷ್ಟಾಗಿಯೂ ಮನುಷ್ಯನಿಗೆ ಗಮನ ಒಂದೇ ಇರುತ್ತದೆ. ರಾಯರ ಗಮನ ಪಡಸಾಲೆಯಲ್ಲಿತ್ತು.

ಐದನೇ ದಿನ ಹದಿನಾಲ್ಕನೇ ರೇಸು. ಇದರಲ್ಲಿ ಸಾಲಾಗಿ ನಾಲ್ಕು ದಿಬ್ಬ. ರಾಯರು ಉಸಿರು ಬಿಗಿಹಿಡಿದು, ಸವಾರನ ಜೊತೆ ತಾವೂ ಕೂತಲ್ಲೇ ನಾಲ್ಕು ಸಲ ಹಾರಿ, ಒಂದನೇ ನಂಬರು ಬಂದರು. ಸ್ಟಾರ್ಟ್ ಗುಂಡಿ ಒತ್ತಿ ಹಿಗ್ಗಿನಿಂದ ಮೂಗು ಉಜ್ಜಿಕೊಂಡಾಗ ಬತ್ತಿ ಕರಕಾದ ವಾಸನೆ ಬಂತು.

ದೇವರಮನೆಯಲ್ಲಿ ದೀಪವಿರಲಿಲ್ಲ. ದೀಪದ ಸಮೆಯಿತ್ತು, ಬತ್ತಿಯಿತ್ತು, ಬತ್ತಿಯ ತುದಿಯಲ್ಲಿ ಒಂದೆಳೆ ಹೊಗೆಯಿತ್ತು. ಎಣ್ಣೆ ತಳ ಕಂಡಿತ್ತು.

ರಾಯರು ಒಳಗೆ ಓಡಿದರು. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಹುಡುಕಿದರೂ ಕಡ್ಡಿಪೆಟ್ಟಿಗೆ ಸಿಗಲಿಲ್ಲ. ಕೊನೆಗೆ ಹಳೆಯ ಕೋಟಿನ ಜೇಬಿನಲ್ಲಿ ಒಂದು ಸಿಕ್ಕಿತು, ಅದರಲ್ಲಿ ಎರಡೇ ಕಡ್ಡಿ. ಮೊದಲನೆಯದು ಮುರಿಯಿತು. ಎರಡನೆಯದರಿಂದ ದೀಪ ಹತ್ತಿಸಿ ಎಣ್ಣೆ ಸುರಿಯುವುದಕ್ಕೂ, ಬಂಡೆಮ್ಮ ಹೂವಿನ ಪುಡಿಕೆ ಹಿಡಿದು ಒಳಗೆ ಬರುವುದಕ್ಕೂ ಸರಿಹೋಯಿತು. ರಾಯರು ಉರಿದ ಕಡ್ಡಿಯನ್ನು ಗಡಬಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅದು ಇನ್ನೂ ಪೂರ್ತಿ ಆರಿರಲಿಲ್ಲ.

ಬಂಡೆಮ್ಮ ಕಂಡದ್ದು ಇಷ್ಟು: ದೀಪದ ಮುಂದೆ ಕೈಮುಗಿದು ಗಡಗಡ ನಡುಗುತ್ತಿರುವ ರಾಯರು. ಕಣ್ಣಲ್ಲಿ ನೀರು. ಎದೆಯ ಹತ್ತಿರ ಸಣ್ಣಗೆ ಹೊಗೆ. ಬಾಯಲ್ಲಿ “ಆರಬ್ಯಾಡ, ತಾಯಿ, ಆರಬ್ಯಾಡ” ಎಂಬ ಒಂದೇ ಮಾತು. ಬಲಗೈ ಹೆಬ್ಬೆರಳಿನಲ್ಲಿ ದೊಡ್ಡ ಬೊಬ್ಬೆ.

“ಅಯ್ಯ, ನಮ್ಮಪ್ಪ!” ಎಂದು ಬಂಡೆಮ್ಮ ಅಲ್ಲೇ ಅಡ್ಡಬಿದ್ದಳು. ಆಮೇಲೆ ಎದ್ದು ಫೋನಿನ ಕಡೆ ಹೋದಳು.

ಸಂಜೆಯ ಹೊತ್ತಿಗೆ ಸುದ್ದಿ ತಯಾರಾಗಿತ್ತು. ರಾಯರು ಅನ್ನ ಬಿಟ್ಟಾರ. ರಾಯರು ಕಣ್ಣು ಮುಚ್ಚಂಗಿಲ್ಲ. ಜಪಮಣಿ ಎಣಿಸಿ ಎಣಿಸಿ ಹೆಬ್ಬೆರಳು ಬೊಬ್ಬಿ ಎದ್ದದ. ನಸುಕಿನ್ಯಾಗ ಅವರ ಬಾಗಿಲಿಗೆ ಕಿವಿ ಹಚ್ಚಿದ್ರ ಝುಂಯ್ ಅಂತ ಓಂಕಾರ ಕೇಳಸ್ತದ. ಬೊಬ್ಬೆ ಆಟದ ಗುಂಡಿ ಒತ್ತಿ ಎದ್ದದ್ದೆಂದೂ, ಈ ಓಂಕಾರ ಕೆಂಪು ಅಂಗಿಯ ಸವಾರನ ಗಾಡಿಯದೆಂದೂ ಹೇಳುವ ಧೈರ್ಯ ರಾಯರಿಗೆ ಇರಲಿಲ್ಲ. ಗಲ್ಲಿಯ ಹೆಂಗಸರು ಸಾಲಾಗಿ ಬಂದು ದೇವರಮನೆಗೆ ಕೈಮುಗಿದು, ಪಡಸಾಲೆಯಲ್ಲಿ ಬ್ಯಾಟರಿಯ ಮೇಲೆ ಉರಿಯುವ ಸಣ್ಣ ಕೆಂಪು ದೀಪ ಕಂಡು ನಿಂತರು. ಇದ್ಯಾವುದೆಂದು ಒಬ್ಬಾಕೆ ಕೇಳಿದಳು. “ಅದೂ ಆರಬಾರದು,” ಎಂದರು ರಾಯರು ಕ್ಷೀಣ ದನಿಯಲ್ಲಿ. ಆಕೆ ಡಬ್ಬಿಗೆ ಕುಂಕುಮ ಹಚ್ಚಿದಳು. ಅದು ಆಟದ ಕ್ಯಾಸೆಟ್ಟಿನ ಸಂದಿಗೆ ಇಳಿಯುವುದನ್ನು ರಾಯರು ಹಲ್ಲು ಕಚ್ಚಿ ನೋಡಿದರು.

ಏಳನೇ ದಿನ ದೇವೀಂದ್ರಪ್ಪನವರು ಸೆಕ್ಷನ್ನಿನ ಆರು ಜನರೊಂದಿಗೆ ದರ್ಶನಕ್ಕೆ ಬಂದರು. ಬರುವಾಗ ಎರಡು ವರ್ಷದಿಂದ ಮೇಲಿನ ಆಫೀಸಿನಲ್ಲಿ ಸಹಿಯಾಗದೆ ಉಳಿದ ಪ್ರಮೋಷನ್ ಪಟ್ಟಿಯ ನಕಲನ್ನೂ ತಂದು ದೀಪದ ಬುಡದಲ್ಲಿಟ್ಟರು.

“ಹೆಂಗ ಕಾಯ್ತೀರಿ ರಾಯರ, ಒಂದ್ಸಲನೂ ಮನಸ್ಸು ಆ ಕಡಿ ಈ ಕಡಿ ಹೋಗಂಗಿಲ್ಲೇನು?”

“ಎಲ್ಲಾ ಆಕೀ ಇಚ್ಛಾ,” ಎಂದರು ರಾಯರು. ಜೇಬಿನ ತೂತನ್ನು ಕೈಯಿಂದ ಮುಚ್ಚಿಕೊಂಡಿದ್ದರು.

ಜನ ನಂಬಿದಷ್ಟೂ ರಾಯರು ಕುಗ್ಗಿದರು. ದೀಪ ಆರಿದ್ದು ಅವರಿಗೊಬ್ಬರಿಗೇ ಗೊತ್ತು. ದಶಮಿ ಕಳೆದರೆ ಈ ಹೊರೆ ಇಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ದಿನ ಎಣಿಸುತ್ತಿದ್ದರು. ಎಂಟನೇ ದಿನ ಬಂಡೆಮ್ಮನ ಫೋನಿಗೆ ಕಮಲಾಪುರದಿಂದ ಅನಸೂಯಾಬಾಯಿಯವರ ತಮ್ಮ ಹಣಮಂತರಾಯರ ಕರೆ ಬಂತು.

“ಭಾವ, ಅವ್ವ ಬಿದ್ದಾಗಿಂದ ಹಾಲು ಬಿಟ್ಟು ಬಾಯಿಗೆ ಏನೂ ಹಾಕಿಲ್ಲ. ಆರದ ದೀಪ ಕಣ್ಣಿಲೆ ನೋಡಿದ ಮ್ಯಾಲೇ ಊಟ ಅಂತ ಹಟ ಹಿಡದಾಳ. ಹಿಂಗ ಉಪವಾಸ ಇದ್ರ ಎಲುಬು ಕೂಡಂಗಿಲ್ಲ ಅಂತ ಡಾಕ್ಟರು ಬೈಲಿಕತ್ತಾರ. ನಿಮ್ಮ ದೀಪದ ಸುದ್ದಿ ಬಂಡೆಮ್ಮ ಎಲ್ಲಾ ಹೇಳ್ಯಾರ. ದಸಮಿ ದಿವಸ ಅದೇ ಬೆಂಕಿ ಕಂದೀಲಿನ್ಯಾಗ ಹತ್ತಿಸ್ಕೊಂಡು ಬರ್ರಿ. ಇಲ್ಲೀ ದೀಪಕ್ಕ ಹಚ್ಚೋಣು. ಅವ್ವನ ಜೀವ ನಿಮ್ಮ ಕೈಯಾಗ ಅದ.”

“ಬಸ್ಸಿನ್ಯಾಗ ಗಾಳಿ ಭಾಳ ಇರ್ತದ, ಹಣಮಂತರಾವ್.”

“ಒಂಬತ್ತು ದಿವಸ ಕಾಯ್ದವರಿಗೆ ಒಂದು ತಾಸಿನ ಗಾಳಿ ಏನ್ ದೊಡ್ಡದು ಭಾವ!”

ರಾಯರು ಫೋನು ಇಟ್ಟು ಬಂಡೆಮ್ಮನ ಮನೆಯ ಕಟ್ಟೆಯ ಮೇಲೆ ಕುಸಿದು ಕೂತರು. ಅತ್ತೆ ಊಟ ಮಾಡಬೇಕಾದರೆ ಆರದ ದೀಪ ಬೇಕು. ಅದು ತಮ್ಮ ಹತ್ತಿರ ಇದೆಯೆಂದು ಇಡೀ ಕಲಬುರಗಿ ನಂಬಿದೆ. ಇಲ್ಲ ಎಂದು ಹೇಳಿದರೆ ಮುದುಕಿಯ ಉಪವಾಸ ಮುಂದುವರಿಯುತ್ತದೆ. ಇದೆ ಎಂದರೆ ಅದು ಕೋಟಿನ ಜೇಬಿನ ಕಡ್ಡಿಯ ಬೆಂಕಿ.

ದಶಮಿಯ ಮಧ್ಯಾಹ್ನ ಮೂರಕ್ಕೆ ಇಪ್ಪತ್ತನೇ ರೇಸು ಗೆದ್ದರು. ಹೇಗೆ ಗೆದ್ದರೋ ಅವರಿಗೇ ತಿಳಿಯಲಿಲ್ಲ. ಇಪ್ಪತ್ತೊಂದನೆಯದು ಶುರುವಾಗಿ ಸವಾರ ಅರ್ಧ ಸುತ್ತು ಮುಗಿಸುವಷ್ಟರಲ್ಲಿ ಬೀಳ್ಕೊಡುವ ಜನ ಬಾಗಿಲಿಗೆ ಬಂದರು. ರಾಯರು ಗುಂಡಿ ಒತ್ತಿ ಸವಾರನನ್ನು ಇದ್ದಲ್ಲೇ ನಿಲ್ಲಿಸಿ, ಟೀವಿ ಆರಿಸಿ, ಕಂದೀಲು ಹತ್ತಿಸಿಕೊಂಡು ಹೊರಬಂದರು. ಹಿಂದೆಯೇ ಖಂಡೆಪ್ಪ ಬ್ಯಾಟರಿಯನ್ನೂ ಡಬ್ಬಿಯನ್ನೂ ಎತ್ತಿಕೊಂಡು ಬಂದ. “ಒಂದು ದೀಪ ಒಯ್ದು ಇನ್ನೊಂದು ಬಿಡ್ತಾರೇನ್ರಿ? ಅಪಚಾರ ಆಗ್ತದ,” ಎಂದ. ಹೌದೆಂದರು ಎಲ್ಲರೂ. ರಾಯರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನ ಕಂಡಕ್ಟರ್ ಸಾಯಬಣ್ಣ ಕಾಯಿದೆಯ ಮನುಷ್ಯ. ಟ್ರ್ಯಾಕ್ಟರ್ ಬ್ಯಾಟರಿಗೆ ಅವನ ತಕರಾರಿಲ್ಲ, ಅದು ಲಗೇಜು. ಕೆಂಪು ದೀಪದ ಡಬ್ಬಿಗೂ ಇಲ್ಲ. ಕಂದೀಲಿಗೆ ಅಡ್ಡ ನಿಂತ.

“ಬಸ್ಸಿನೊಳಗ ಬೆಂಕಿ ತರಂಗಿಲ್ಲ. ಇಲ್ಲಿ ಬರದದ ನೋಡ್ರಿ.”

“ತಮ್ಮಾ, ಇದು ಬೆಂಕಿ ಅಲ್ಲ, ದೀಪ,” ಎಂದರು ಜನ.

“ಎಣ್ಣಿ ಅದನೋ ಇಲ್ಲೋ? ಉರೀತದೋ ಇಲ್ಲೋ? ನಾಳಿ ಚೆಕಿಂಗ್‌ನವ್ರು ಹಿಡಿದ್ರ ದೇವಿ ಬಂದು ಸಹಿ ಮಾಡ್ತಾಳೇನು?”

ಬಸ್ಸಿನ ಒಳಗಿನವರು ರಾಯರ ಪರ, ಹೊತ್ತಾಗಿದ್ದ ಡ್ರೈವರು ಯಾರ ಪರವೂ ಅಲ್ಲ. ಕಾಲು ತಾಸು ಜಗಳವಾಡಿ ರಾಜಿಯಾಯಿತು. ಬಸ್ಸಿನ ಒಳಗೆ ತಾನೇ ಬೆಂಕಿ ಬೇಡ? ರಾಯರ ಮೈ ಒಳಗಿರಲಿ, ಕೈ ಮತ್ತು ಕಂದೀಲು ಕಿಟಕಿಯ ಹೊರಗಿರಲಿ. ಇದಕ್ಕೆ ಕಾಯಿದೆಯಲ್ಲಿ ಆಕ್ಷೇಪವಿಲ್ಲವೆಂದು ಸಾಯಬಣ್ಣ ಒಪ್ಪಿದ.

ಊರು ದಾಟಿದ ಮೊದಲ ಫರ್ಲಾಂಗಿಗೇ ಕಂದೀಲು ಆರಿತು.

ನೋಡಿದವರು ರಾಯರೊಬ್ಬರೇ. ಅವರು ಚೀರಲಿಲ್ಲ. ಚೀರಿ ಹೇಳುವುದೇನು? ಒಳಗೆ ಐವತ್ತು ಜನ ಕೈಮುಗಿದು ಕೂತಿದ್ದರು. ಮುಂದಿನ ಹತ್ತು ಹನ್ನೊಂದು ಹರದಾರಿ ಮುಕುಂದರಾಯರು ಆರಿದ ಕಂದೀಲನ್ನು ಕಿಟಕಿಯ ಹೊರಗೆ ಹಿಡಿದುಕೊಂಡೇ ಹೋದರು. ತೋಳು ಸೋತಿತು, ಬೆರಳು ಮರಗಟ್ಟಿತು. ಬಸ್ಸು ನಿಂತಲ್ಲೆಲ್ಲ ಕೆಳಗಿನ ಜನ ನೋಡಿಯಾರೆಂದು ಶಲ್ಯವನ್ನು ಕಂದೀಲಿನ ಮೇಲೆ ಹೊದಿಸಿ “ದೃಷ್ಟಿ ಆಗಬಾರದು” ಎನ್ನುವರು. “ರಾಯರ, ದೀಪ ಅದನೋ?” ಎಂದು ಹಿಂದಿನಿಂದ ಯಾರೋ ಕೇಳುವರು. “ಕೈಯಾಗ ಅದ,” ಎನ್ನುವರು ರಾಯರು. ತೊಡೆಯ ಮೇಲೆ ಡಬ್ಬಿಯ ಕೆಂಪು ದೀಪ ಮಾತ್ರ ಕುಂಕುಮ ಹಚ್ಚಿಕೊಂಡು ಆರಾಮಾಗಿ ಉರಿಯುತ್ತಿತ್ತು.

ಕಮಲಾಪುರದಲ್ಲಿ ಇಳಿದು, ಪಾನ್ ಅಂಗಡಿಯಲ್ಲಿ ಒಂದು ಕಡ್ಡಿಪೆಟ್ಟಿಗೆ ಕೊಂಡು, ಬೇಲಿಯ ಮರೆಯಲ್ಲಿ ಕಂದೀಲು ಹತ್ತಿಸಿಕೊಳ್ಳುವುದೆಂದು ಉಪಾಯ ಹೂಡಿದ್ದರು. ಆದರೆ ಜಗಳವಾಡಿದ ಪಾಪ ಕಳೆದುಕೊಳ್ಳಲು ಸಾಯಬಣ್ಣನೇ ಬಸ್ಸು ನಿಲ್ಲಿಸಿ, ಬ್ಯಾಟರಿ ಹೆಗಲಿಗೇರಿಸಿ, ಅತ್ತೆಯ ಮನೆಯ ಹೊಸ್ತಿಲ ತನಕ ಅವರ ಬೆನ್ನಿಗೇ ಬಂದ. ಹೊಸ್ತಿಲಲ್ಲಿ ಅನಸೂಯಾಬಾಯಿ ಆರತಿ ಹಿಡಿದು ನಿಂತಿದ್ದರು. ಎಂಟು ದಿನದ ಮೇಲೆ ಕಂಡ ಗಂಡನ ಮುಖ ನೋಡಿ ಅವರ ಕಣ್ಣು ತುಂಬಿತು. ತನ್ನ ಗಂಡ ಒಂದನ್ನಾದರೂ ಕೊನೆ ಮುಟ್ಟಿಸಿದನೆಂಬ ಹೆಮ್ಮೆ ಅದು. ರಾಯರಿಗೆ ಆ ಕಣ್ಣನ್ನು ನೋಡಲಾಗಲಿಲ್ಲ.

“ಮೊದ್ಲು ದೀಪ,” ಎಂದವರೇ ಶಲ್ಯ ಹೊದಿಸಿದ ಕಂದೀಲಿನೊಂದಿಗೆ ದೇವರಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಒಳಗೆ ಕಡ್ಡಿಗಾಗಿ ತಡಕಾಡಿದರು. ಗೂಡಿನಲ್ಲಿಲ್ಲ, ಊದಿನಕಡ್ಡಿಯ ಹತ್ತಿರವಿಲ್ಲ. ಕೊನೆಗೆ ಎತ್ತರದ ಹಲಗೆಯ ಮೇಲಿನ ಮನೆದೇವರು ವೆಂಕಪ್ಪನ ಫೋಟೋದ ಹಿಂದೆ ಕೈಹಾಕಿದಾಗ ಕಡ್ಡಿಪೆಟ್ಟಿಗೆಯೊಂದು ಸಿಕ್ಕಿತು. ಅದು ಅಲ್ಲಿ ಯಾಕಿತ್ತೆಂದು ಯೋಚಿಸುವ ಸ್ಥಿತಿ ಅವರದಾಗಿರಲಿಲ್ಲ. ಗೀರಿದರು, ಹತ್ತಿಸಿದರು, ಬಾಗಿಲು ತೆರೆದರು. ಎಲ್ಲರೂ ಕೈಮುಗಿದರು.

ಹಣಮಂತರಾಯರು ಊರವರಿಗೆ ಬನ್ನಿ ಕೊಡಲು, ಬಸ್ಸಿಗೆ ಮರಳುತ್ತಿದ್ದ ಸಾಯಬಣ್ಣನ ಜೊತೆ ಹೊರಟರು. ಅನಸೂಯಾಬಾಯಿ ಬೆಳ್ಳಿಯ ಬಟ್ಟಲಲ್ಲಿ ಊರಿನ ಕೆಂಪು ಬಾಳೆಹಣ್ಣು ತಂದು ತಾಯಿಯ ಮಂಚದ ಹತ್ತಿರ ಇಟ್ಟರು. “ದೀಪ ಬಂತಲ್ಲವ್ವಾ, ಇನ್ನ ತಿನ್ನು.”

ಮಥುರಾಬಾಯಿ ಹಣ್ಣು ಮುಟ್ಟಲಿಲ್ಲ. ದೇವರಮನೆಯ ಕಡೆ ನೋಡಿದರು, ಅಳಿಯನನ್ನು ನೋಡಿದರು, ಅಳಿಯನ ಹೆಬ್ಬೆರಳನ್ನು ನೋಡಿದರು. ಎಪ್ಪತ್ತು ವರ್ಷದ ಕಣ್ಣು ಚುರುಕಾಗಿಯೇ ಇತ್ತು. “ಆಮ್ಯಾಲ ತಿಂತೀನಿ,” ಎಂದು ಮಂಚದ ಹತ್ತಿರ ಇಳಿಸಿದ್ದ ಡಬ್ಬಿಯತ್ತ ಬೆರಳು ತೋರಿಸಿದರು. “ಅಳಿಯಂದ್ರ, ಈ ಕೆಂಪಂದು ಏನು?”

ಉತ್ತರ ಕೊಟ್ಟದ್ದು ಅನಸೂಯಾಬಾಯಿ. ಅವರು ಆಗಲೇ ಬಗ್ಗಿ ವೈರು ಹಿಡಿದು ನೋಡುತ್ತಿದ್ದರು. “ಇದು ಟೀವಿಗೆ ಹಚ್ಚೋ ಆಟ ಅಲ್ಲೇನ್ರಿ?”

ಮುಕುಂದರಾಯರು ಡಬ್ಬಿಯ ಮೇಲೆ ಶಲ್ಯ ಹೊದಿಸಲು ಹೋದರು.

“ಆಟ ಅಂದ್ರ ಹಚ್ಚಿ ತೋರಸ್ರಿ,” ಎಂದರು ಮಥುರಾಬಾಯಿ. “ಒಂಬತ್ತು ದಿವಸ ಜಂತಿ ಎಣಿಸಿ ಬ್ಯಾಸತ್ತೀನಿ.”

ಅಪರಾಧಿ ತಾನೇ ಕೈ ಮುಂದೆ ಚಾಚುವ ಹಾಗೆ ರಾಯರು ವೈರನ್ನು ಕೋಣೆಯ ಟೀವಿಗೆ ಜೋಡಿಸಿದರು. ಕೆಂಪು ಅಂಗಿಯ ಸವಾರ ಮಧ್ಯಾಹ್ನದಿಂದ ನಿಂತಲ್ಲೇ ನಿಂತಿದ್ದ. ಗುಂಡಿ ಒತ್ತಿದರು, ಗಾಡಿ ಝುಂಯ್ ಎಂದಿತು. ಮೊದಲ ದಿಬ್ಬ ಹಾರಿದರು. ಕೆಸರು ದಾಟಿದರು. ಮುಂದೆ ಒಬ್ಬನೇ ಸವಾರ ಉಳಿದ, ಅವನನ್ನೂ ಹಿಂದಿಕ್ಕಿದರು.

ಕಮಲಾಪುರದ ಕರೆಂಟು ಹೋಯಿತು.

ಹೊತ್ತು ಮುಳುಗಿತ್ತು. ಗಾಳಿ ತಾಗಬಾರದೆಂದು ದೇವರಮನೆಯ ಬಾಗಿಲು ಮುಚ್ಚಿದ್ದರು. ಕೋಣೆಯಲ್ಲಿ ಬ್ಯಾಟರಿಯ ಮೇಲಿನ ಕೆಂಪು ಚುಕ್ಕೆ ಬಿಟ್ಟರೆ ಬೇರೆ ಬೆಳಕಿಲ್ಲ. ಟೀವಿ ಕತ್ತಲು, ಆದರೆ ಡಬ್ಬಿಯೊಳಗೆ ರೇಸು ನಡೆದೇ ಇದೆ! ರಾಯರು ಗಾಡಿ ನಿಲ್ಲಿಸಲು ಸ್ಟಾರ್ಟ್ ಗುಂಡಿ ಒತ್ತಿದರು. ಒಮ್ಮೆ ಒತ್ತಿದೆನೋ, ಗಾಬರಿಯಲ್ಲಿ ಎರಡು ಸಲ ಒತ್ತಿದೆನೋ? ನಿಂತಿದೆಯೋ, ಓಡುತ್ತಿದೆಯೋ? ಓಡುತ್ತಿದ್ದರೆ ಕೈ ಬಿಡುವಂತಿಲ್ಲ. ರಾಯರು ಕಾಣದ ಗಾಡಿಯನ್ನು ಬಾಯಲ್ಲಿ ಎಣಿಸುತ್ತ ಓಡಿಸತೊಡಗಿದರು.

“ಏನ್ರಿ,” ಕತ್ತಲಲ್ಲಿ ಅನಸೂಯಾಬಾಯಿಯವರ ದನಿ.

“ಹ್ಞಾಂ.”

“ಖರೇ ಹೇಳ್ರಿ. ಅಲ್ಲಿ ದೀಪ ಆರಿತ್ತೇನು?”

ಎಡಕ್ಕೆ ತಿರುವು, ಆಮೇಲೆ ಆರರ ತನಕ ಎಣಿಸಿ ದಿಬ್ಬ. ಎರಡು ಲೆಕ್ಕ ಒಟ್ಟಿಗೆ ಮಾಡುವ ಶಕ್ತಿ ರಾಯರಿಗಿರಲಿಲ್ಲ. ಸುಳ್ಳಿಗೆ ಲೆಕ್ಕ ಬೇಕು. “ಐದನೇ ದಿವಸ ಒಮ್ಮೆ ಆರಿತು. ಇವತ್ತ ಬಸ್ಸಿನ್ಯಾಗ ಇನ್ನೊಮ್ಮೆ. ಇಲ್ಲಿ ಬಂದು ಕಡ್ಡಿಲೆ ಹತ್ತಿಸೀನಿ. ನಾಲ್ಕು, ಐದು, ಆರು.” ಹೇಳಿದ ಮೇಲೆ ಅಳು ಬಂತು. ಹೆಬ್ಬೆರಳು ಮಾತ್ರ ಗುಂಡಿ ಬಿಡಲಿಲ್ಲ.

ಆಮೇಲೆ ಮಂಚದಿಂದ ಪ್ರಶ್ನೆ ಬಂತು: “ಕಡ್ಡಿಪೆಟ್ಟಿಗಿ ಎಲ್ಲಿ ಸಿಕ್ಕಿತು?”

“ವೆಂಕಪ್ಪನ ಫೋಟೋದ ಹಿಂದ, ಅತ್ತ್ಯಾರ.”

“ಹ್ಞೂಂ. ನಾ ಬಿದ್ದದ್ದು ಅದನ್ನ ತಗೀಲಿಕ್ಕೆ ಹೋಗಿ.”

“ಅವ್ವಾ!”

“ಚೀರಬ್ಯಾಡ. ಬಿದ್ದಾಗ ದೀಪ ಆರಲಿಲ್ಲ, ಮೊದಲೇ ಆರಿತ್ತಂತ ಕಡ್ಡಿಗೆ ಎದ್ದೆ. ಐವತ್ತು ವರ್ಷದಾಗ ಯಾವ ಸಲ ಒಂಬತ್ತೂ ದಿವಸ ಉಳದದ? ಒಂದ್ಸಲ ಗಾಳಿ, ಒಂದ್ಸಲ ಇಲಿ, ಒಂದ್ಸಲ ನನ್ನ ನಿದ್ದಿ. ಆ ಜಾಗಾ ನನಗ ನಮ್ಮ ಅತ್ತಿನೇ ತೋರಿಸಿದ್ದು.” ಮಥುರಾಬಾಯಿಯವರ ದನಿ ಸಣ್ಣದಾಯಿತು. “ಸಾಯೋದ್ರೊಳಗ ಒಂದು ಖರೇ ದೀಪ ನೋಡಬೇಕು ಅನಿಸಿತು. ಅದಕ್ಕ ಊಟ ಬಿಟ್ಟೆ.”

ಕೆಸರು ಬಂದಿರಬೇಕೆಂದು ರಾಯರು ಗಾಡಿಯ ವೇಗ ಇಳಿಸಿದರು.

“ಹೋದ ವರ್ಷ ಏಳನೇ ದಿವಸ,” ಎಂದರು ಅನಸೂಯಾಬಾಯಿ, ತಡವರಿಸಿ, “ನಮ್ಮ ಮನ್ಯಾಗೂ. ನಾ ಯಾರಿಗೂ ಹೇಳಿಲ್ಲ. ಕಡ್ಡಿಪೆಟ್ಟಿಗಿ ಒಳಕಲ್ಲಿನ ಹಿಂದ ಇಟ್ಟೀನಿ.”

“ಒಳಕಲ್ಲಿನ ಹಿಂದ?” ರಾಯರಿಗೆ ನಿಜವಾಗಿ ಸಿಟ್ಟು ಬಂತು. “ನಾ ಅಡಿಗಿಮನಿ ಡಬ್ಬಿ ಎಲ್ಲಾ ಇಳಿಸಿ ನೋಡಿದೆನಲ್ಲ!”

“ಗಾಡಿ ಎಲ್ಲಿಗೆ ಬಂತು ಈಗ?” ಎಂದು ಕೇಳಿದರು ಮಥುರಾಬಾಯಿ.

“ಗೊತ್ತಿಲ್ಲ, ಅತ್ತ್ಯಾರ. ಕಡೀ ದಿಬ್ಬ ಇರಬೇಕು.”

“ಮತ್ತ ಹಾರ್ರಿ.”

ರಾಯರು ಹಾರಿದರು.

ಹಾರಿ ಎಷ್ಟು ಹೊತ್ತಾದರೂ ಕರೆಂಟು ಬರಲಿಲ್ಲ. ಬಂದಾಗ ಮೂವರೂ ಕಣ್ಣು ಕಿರಿದು ಮಾಡಿ ಟೀವಿಯತ್ತ ಬಗ್ಗಿದರು. ಕೆಂಪು ಅಂಗಿಯ ಸವಾರ ಗೆರೆಯ ಹಿಂದೆ ಗಾಡಿ ಹಿಡಿದು ನಿಂತಿದ್ದ. ಮೇಲೆ ಒಂದನೇ ರೇಸು ಎಂಬ ಗುರುತು.

“ಅಂದ್ರ ಏನ್ರಿ?” ಎಂದರು ಅನಸೂಯಾಬಾಯಿ.

“ಸೋತ್ರ ಒಂದನೇ ರೇಸು ಬರ್ತದ.”

“ಗೆದ್ರ?”

“ಗೊತ್ತಿಲ್ಲ. ಯಾರೂ ನೋಡಿಲ್ಲ. ಗೆದ್ರೂ ಇದೇ ಬರ್ತದೋ ಏನೋ.”

ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಮೂವರಿಗೂ ನಾಚಿಕೆ. ಮಥುರಾಬಾಯಿ ಮೊಣಕೈ ಊರಿ ತುಸು ಎದ್ದು, ಕುಂಕುಮ ಮೆತ್ತಿದ ಡಬ್ಬಿಯನ್ನು ದಿಟ್ಟಿಸಿದರು.

“ಇದು ಯಾವತ್ತಿನಿಂದ ಹತ್ತೇದ?”

“ಮೂರನೇ ದಿವಸದಿಂದ, ಅತ್ತ್ಯಾರ.”

“ನಡುವ ಆರಿತ್ತೇನು? ಖರೇ ಹೇಳ್ರಿ.”

“ಇಲ್ಲ. ಇದೊಂದು ಆರಿಲ್ಲ.”

ಮುದುಕಿ ಆ ಸಣ್ಣ ಕೆಂಪು ದೀಪದ ಕಡೆ ಎರಡೂ ಕೈ ಜೋಡಿಸಿದರು. ಆಮೇಲೆ ಮಗಳ ಕಡೆ ತಿರುಗಿದರು.

“ಅನಸೂಯಾ, ಒಂದು ಬಾಳೆಹಣ್ಣು ಸುಲಿದು ಕೊಡು.”